ಹಳ್ಳದ ಮಣ್ಣಿನ ಒಡ್ಡು: ಪದೇ ಪದೇ ಕೇಳುವ ಪ್ರಶ್ನೆಗಳು

ಧಾರವಾಡ, ಗದಗ, ಹಾವೇರಿ ಜಿಲ್ಲೆಗಳ ಹಳ್ಳಗಳ ಮೇಲೆ ಸಣ್ಣ ಕೆರೆ, ಒಡ್ಡುಗಳನ್ನು ಕಟ್ಟಿಸುವುದು, ಒಡೆದವನ್ನು ದುರಸ್ತಿ ಮಾಡಿಸುವುದು, ಇದರಲ್ಲಿಯೇ ನನ್ನ ನೌಕರಿ ಕಳೆಯಿತು. ನಿವೃತ್ತನಾದ ಮೇಲೂ ಮಳೆಗಾಲ ಬಂದರೆ ಫೋನ್ ನಿಲ್ಲುವುದಿಲ್ಲ. ಊರಿನ ಮೇಲ್ಭಾಗದಲ್ಲಿ ನೆರೆ ತಡೆಯಲು ಒಡ್ಡು ಕಟ್ಟಿಸಿಕೊಂಡವರು, ಕಟ್ಟಿಸಬೇಕೆಂದು ಅರ್ಜಿ ಹಿಡಿದು ಓಡಾಡುತ್ತಿರುವವರು, ಒಡ್ಡಿನಿಂದ ತಮ್ಮ ಹೊಲ ಮುಳುಗಿತೆಂದು ಸಿಟ್ಟಾದವರು, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಅವನ್ನು ಇಲ್ಲಿ ಒಟ್ಟಿಗೆ ಬರೆದಿದ್ದೇನೆ.

ಇದನ್ನು ಕೆರೆ ಎನ್ನಬೇಕೇ, ಅಣೆಕಟ್ಟು ಎನ್ನಬೇಕೇ?

ಕಟ್ಟುವ ರೀತಿ ಅಣೆಕಟ್ಟಿನದೇ. ಹಳ್ಳಕ್ಕೆ ಅಡ್ಡವಾಗಿ ಮಣ್ಣಿನ ಏರಿ, ಏರಿಯ ಬುಡದಲ್ಲಿ ನೀರು ಹೊರಹೋಗಲು ಒಂದು ತೂಬು, ಪಕ್ಕದಲ್ಲಿ ಮಿಕ್ಕ ನೀರು ಹರಿದುಹೋಗಲು ಕೋಡಿ. ಎತ್ತರ ಸಾಮಾನ್ಯವಾಗಿ ಐದಾರು ಮೀಟರ್. ಕೆರೆಗೂ ಇದೇ ಅಂಗಗಳಿವೆ. ಆದರೆ ಕೆರೆಯ ತೂಬನ್ನು ಬೇಕೆಂದಾಗ ತೆರೆಯುತ್ತಾರೆ. ನೆರೆ ತಡೆಯುವ ಒಡ್ಡಿನ ತೂಬು ಸದಾ ತೆರೆದೇ ಇರುತ್ತದೆ. ಈ ಒಂದು ವ್ಯತ್ಯಾಸದಲ್ಲಿ ಎಲ್ಲವೂ ಅಡಗಿದೆ.

ಹೊಲದ ಬದುವಿಗೂ ನಮ್ಮ ಕಡೆ ಒಡ್ಡು ಎನ್ನುವುದುಂಟು. ಇಲ್ಲಿ ಹೇಳುತ್ತಿರುವುದು ಹಳ್ಳದ ಒಡ್ಡಿನ ಮಾತು. ಚೆಕ್ ಡ್ಯಾಂ ಇನ್ನೂ ಬೇರೆ. ಅದರ ತಲೆಯ ಮೇಲೆಯೇ ನೀರು ಹರಿಯಲಿ ಎಂದು ಕಾಂಕ್ರೀಟಿನಲ್ಲಿ ಕಟ್ಟುತ್ತಾರೆ. ಮಣ್ಣಿನ ಏರಿಯ ತಲೆಯ ಮೇಲೆ ಮಾತ್ರ ಒಂದು ಗೇಣು ನೀರು ಕೆಲವು ತಾಸು ಹರಿದರೂ ಅದು ಕೊಚ್ಚಿಹೋಗುವ ಸಂಭವವೇ ಹೆಚ್ಚು.

ಒಡ್ಡು ಕಟ್ಟಿದರೆ ಊರಿಗೆ ನೆರೆ ಬರುವುದೇ ಇಲ್ಲವೇ?

ಬರುತ್ತದೆ, ಆದರೆ ನಿಧಾನವಾಗಿ. ಒಡ್ಡು ನೀರನ್ನು ನುಂಗುವುದಿಲ್ಲ, ತಡೆದು ತಡೆದು ಬಿಡುತ್ತದೆ. ಸ್ವಲ್ಪ ಲೆಕ್ಕ ಹಾಕಿ ನೋಡೋಣ, ಇದನ್ನು ರೈತರೊಡನೆ ನೆಲದ ಮೇಲೆ ಕಡ್ಡಿಯಿಂದ ಗೀಚಿ ಎಷ್ಟೋ ಸಲ ಮಾಡಿದ್ದೇನೆ.

ಒಂದು ಎಕರೆಯ ಮೇಲೆ 25 ಮಿ.ಮೀ. ಮಳೆ ಬಿದ್ದರೆ ಅದು ಸುಮಾರು ಒಂದು ಲಕ್ಷ ಲೀಟರ್ ನೀರು. ನಿಮ್ಮ ಹಳ್ಳಕ್ಕೆ ಮೇಲಿನ 500 ಎಕರೆಯ ನೀರು ಬರುತ್ತದೆ ಎಂದುಕೊಳ್ಳಿ. ಒಂದೇ ಹೊಡೆತಕ್ಕೆ 100 ಮಿ.ಮೀ. ಸುರಿದರೆ 20 ಕೋಟಿ ಲೀಟರ್ ಆಯಿತು. ಎರೆಭೂಮಿ, ಅಂದರೆ ನಮ್ಮ ಕಪ್ಪು ಜಿಗುಟು ಮಣ್ಣಿನ ನೆಲ, ಮೊದಲೇ ನೆನೆದಿದ್ದರೆ ನೀರು ಹೆಚ್ಚು ಇಂಗುವುದಿಲ್ಲ, ಅರ್ಧದಷ್ಟು ಹರಿದೇ ಬರುತ್ತದೆ. ಅಂದರೆ 10 ಕೋಟಿ ಲೀಟರ್. ಇದು ಮೂರು ತಾಸಿನಲ್ಲಿ ಹಳ್ಳಕ್ಕೆ ಇಳಿದರೆ ಸೆಕೆಂಡಿಗೆ ಒಂಬತ್ತು ಸಾವಿರ ಲೀಟರಿಗೂ ಹೆಚ್ಚು. ಊರ ಮುಂದಿನ ಸಣ್ಣ ಸೇತುವೆಯ ಕಣ್ಣುಗಳು ಅಷ್ಟನ್ನು ತಾಳಲಾರವು, ನೀರು ಓಣಿಗೆ ನುಗ್ಗುತ್ತದೆ.

ಈಗ ಊರಿನ ಮೇಲೆ ಒಂದು ಒಡ್ಡಿದೆ, ಅದರ ತೂಬಿನಿಂದ ಸೆಕೆಂಡಿಗೆ ಎರಡು ಸಾವಿರ ಲೀಟರ್ ಮಾತ್ರ ಹೊರಬರುತ್ತದೆ ಎನ್ನೋಣ. ಮೂರು ತಾಸಿನಲ್ಲಿ ಎರಡು ಕೋಟಿ ಲೀಟರಿನಷ್ಟು ಮುಂದೆ ಹೋಯಿತು. ಉಳಿದ ಎಂಟು ಕೋಟಿಯಷ್ಟು ಒಡ್ಡಿನ ಹಿಂದೆ ನಿಂತಿತು. ಹತ್ತು ಎಕರೆ ಹರವು, ಸರಾಸರಿ ಎರಡು ಮೀಟರ್ ಆಳ ಇದ್ದರೆ ಅಷ್ಟಕ್ಕೆ ಜಾಗ ಸಾಕು. ಮಳೆ ನಿಂತ ಮೇಲೆ ಹನ್ನೊಂದು ತಾಸಿನಲ್ಲಿ ಅದೂ ಬರಿದಾಗುತ್ತದೆ. ನೀರು ಅಷ್ಟೇ, ಆದರೆ ಊರ ಮುಂದೆ ಹಳ್ಳ ತನ್ನ ದಂಡೆಯೊಳಗೆ ಹರಿಯಿತು.

ಇಷ್ಟು ಖರ್ಚು ಮಾಡಿ ಕಟ್ಟಿ, ನೀರು ನಿಲ್ಲಿಸದೆ ಖಾಲಿ ಬಿಡುವುದು ಯಾವ ನ್ಯಾಯ?

ಅತಿ ಹೆಚ್ಚು ಜನ ಕೇಳುವ ಪ್ರಶ್ನೆ ಇದೇ. ಕೇಳುವವರ ದನಿಯಲ್ಲಿ ನೋವಿರುತ್ತದೆ. ಗದಗ ಜಿಲ್ಲೆಯಲ್ಲಿ ವರ್ಷಕ್ಕೆ ಬೀಳುವ ಮಳೆ ಸರಾಸರಿ 600 ಮಿ.ಮೀ. ಆಸುಪಾಸು. ನವಲಗುಂದ, ರೋಣದ ಕಡೆ ಕುಡಿಯುವ ನೀರಿಗಾಗಿ ಕೊಡ ಹೊತ್ತು ನಡೆದ ತಾಯಂದಿರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂಥ ನೆಲದಲ್ಲಿ ಕಣ್ಣೆದುರು ಹಳ್ಳದ ನೀರು ತೂಬಿನಿಂದ ಹರಿದುಹೋಗುವುದನ್ನು ನೋಡಿದರೆ ಯಾರ ಹೊಟ್ಟೆ ಉರಿಯುವುದಿಲ್ಲ?

ಒಂದು ಊರಿನಲ್ಲಿ ಆದದ್ದನ್ನು ಹೇಳುತ್ತೇನೆ. ಒಡ್ಡು ಕಟ್ಟಿ ಎರಡನೆಯ ವರ್ಷ. ಜುಲೈನಲ್ಲಿ ಮಳೆ ಕೈಕೊಟ್ಟಿತ್ತು. ಆಗಸ್ಟ್‌ನಲ್ಲಿ ಹಳ್ಳ ಬಂದಾಗ ಯಾರೋ ತೂಬಿನ ಬಾಯಿಗೆ ಹತ್ತಿಕಟ್ಟಿಗೆಯ ಹೊರೆ ತುರುಕಿ, ಗೊಬ್ಬರದ ಚೀಲಗಳಲ್ಲಿ ಮಣ್ಣು ತುಂಬಿ ಜಡಿದರು. ಒಡ್ಡು ತುಂಬಿತು. ಊರಿಗೆ ಹಬ್ಬವಾಯಿತು, ಹೆಂಗಸರು ಬಾಗಿನ ಬಿಟ್ಟರು. ತಿಂಗಳು ಕಳೆಯುವುದರೊಳಗೆ ಹಸ್ತ ಮಳೆ ರಾತ್ರಿಯೆಲ್ಲ ಹೊಡೆಯಿತು. ತುಂಬಿದ ಒಡ್ಡಿಗೆ ಮೇಲಿನಿಂದ ಎಷ್ಟು ಬಂತೋ ಅಷ್ಟೂ ಕೋಡಿಯ ಮೇಲಿಂದ ಹಾಯ್ದು ಊರಿಗೆ ನುಗ್ಗಿತು. ಒಡ್ಡು ಇದ್ದೂ ಇಲ್ಲದಂತಾಯಿತು. ಬೆಳಿಗ್ಗೆ ನಾನು ಹೋದಾಗ ಕೆಳ ಓಣಿಯ ಒಂದು ಮನೆಯ ಪಡಸಾಲೆಯಲ್ಲಿ ಜೋಳದ ಚೀಲಗಳು ಕೆಸರಿನಲ್ಲಿ ಕುಳಿತಿದ್ದವು. ಅಜ್ಜಿಯೊಬ್ಬಳು ಬೊಗಸೆಯಲ್ಲಿ ಜೋಳ ಎತ್ತಿ ತೋರಿಸಿದಳು, ಆಗಲೇ ಮೊಳಕೆಯ ವಾಸನೆ ಬಂದಿತ್ತು. ಆಕೆಗೆ ನಾನು ಏನು ಹೇಳಬಹುದಿತ್ತು?

ಮಳೆಗಾಲದಲ್ಲಿ ಒಡ್ಡಿನ ಹಿಂದಿನ ಖಾಲಿ ಜಾಗವೇ ನಿಮ್ಮ ಊರಿನ ರಕ್ಷಣೆ. ಆ ಜಾಗ ನೀರಿನಿಂದ ತುಂಬಿದ್ದರೆ ರಕ್ಷಣೆ ಅಷ್ಟರ ಮಟ್ಟಿಗೆ ಇಲ್ಲ.

ನೀರಿನ ಆಸೆಗೆ ಬೇರೆ ದಾರಿಗಳಿವೆ. ತೂಬಿನ ಮಟ್ಟಕ್ಕಿಂತ ಕೆಳಗೆ, ಏರಿಯಿಂದ ದೂರದಲ್ಲಿ, ದನಕರುಗಳಿಗೆ ಸಾಕಾಗುವಷ್ಟು ಒಂದು ಗುಂಡಿ ಬಿಡಬಹುದು. ಇದನ್ನು ನಕ್ಷೆಯಲ್ಲಿಯೇ ಸೇರಿಸಬೇಕು. ಇನ್ನು ಬೆಳೆಗೆ ನೀರು ಬೇಕಾದರೆ ಒಡ್ಡಿನ ಮೇಲ್ಭಾಗದ ಹೊಲಗಳಲ್ಲಿ ಕೃಷಿಹೊಂಡ ತೆಗೆಯಿಸಿ. 2014ರಲ್ಲಿ ಸರಕಾರದ ಕೃಷಿಭಾಗ್ಯ ಯೋಜನೆ ಬಂದ ಮೇಲೆ ನಮ್ಮ ಎರೆಭೂಮಿಯಲ್ಲಿ ಹೊಂಡಗಳು ಹೇಗೆ ಹಬ್ಬಿದವೆಂದು ಎಲ್ಲರೂ ಕಂಡಿದ್ದಾರೆ. ಎರೆಮಣ್ಣಿನ ಹೊಂಡಕ್ಕೆ ಹಲವೆಡೆ ಪ್ಲಾಸ್ಟಿಕ್ ಹೊದಿಕೆಯೂ ಬೇಡ, ಮಣ್ಣೇ ನೀರು ಹಿಡಿಯುತ್ತದೆ. ಮೇಲೆ ಹೊಂಡಗಳು ಹೆಚ್ಚಿದಷ್ಟೂ ಒಡ್ಡಿಗೆ ಬರುವ ನೀರು ಕಡಿಮೆ. ಹೊಂಡ ತುಂಬಿರಲಿ, ಒಡ್ಡು ಖಾಲಿ ಇರಲಿ.

ಗೇಟ್ ಇಟ್ಟರೆ ಆಗದೇ? ಬೇಸಿಗೆಗೆ ಮುಚ್ಚಿ, ನೆರೆ ಬಂದಾಗ ತೆರೆಯಬಹುದಲ್ಲ?

ನೆರೆ ಬರುವುದು ರಾತ್ರಿ ಎರಡು ಗಂಟೆಗೆ. ಕರೆಂಟ್ ಇರುವುದಿಲ್ಲ, ಹೊಲದ ದಾರಿಯ ಎರೆಮಣ್ಣಿನಲ್ಲಿ ಮೊಣಕಾಲುದ್ದ ಕಾಲು ಹೂತುಹೋಗುತ್ತದೆ. ಯಾರು ಹೋಗಿ ತೆರೆಯುತ್ತಾರೆ? ಎಂಜಿನಿಯರುಗಳು, ಕಾವಲುಗಾರರು ಹಗಲಿರುಳು ಇರುವ ತುಂಗಭದ್ರಾ ಜಲಾಶಯದಲ್ಲಿಯೇ 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟ್ ಕೊಚ್ಚಿಹೋಯಿತು. ಊರ ಹಳ್ಳದ ಒಡ್ಡಿಗೆ ತಾನಾಗಿಯೇ ಕೆಲಸ ಮಾಡುವ, ಯಾರ ಕೈಯನ್ನೂ ಕಾಯದ ತೂಬೇ ಬೇಕು.

ನಮ್ಮದು ಪೂರ್ತಿ ಎರೆಭೂಮಿ. ಎರೆಮಣ್ಣಿನಲ್ಲಿ ಏರಿ ನಿಲ್ಲುತ್ತದೆಯೇ?

ನಿಲ್ಲುತ್ತದೆ, ಆದರೆ ಅದರ ಸ್ವಭಾವ ಅರಿತು ಕಟ್ಟಿದರೆ ಮಾತ್ರ. ಎರೆಮಣ್ಣು ನೆನೆದಾಗ ಉಬ್ಬುತ್ತದೆ, ಒಣಗಿದಾಗ ಕುಗ್ಗುತ್ತದೆ. ಚೈತ್ರದ ಬಿಸಿಲಿನಲ್ಲಿ ನಿಮ್ಮ ಹೊಲದ ಬಿರುಕಿನಲ್ಲಿ ಕೈ ಇಳಿಬಿಟ್ಟು ನೋಡಿ, ಮೊಣಕೈವರೆಗೂ ಹೋಗುತ್ತದೆ. ಬರಿಯ ಎರೆಯಲ್ಲಿ ಕಟ್ಟಿದ ಏರಿಯೂ ಬೇಸಿಗೆಯಲ್ಲಿ ಹಾಗೆಯೇ ಬಾಯಿ ಬಿಡುತ್ತದೆ. ಮೃಗಶಿರ ಮಳೆಯ ಮೊದಲ ನೀರು ಆ ಬಿರುಕಿನಲ್ಲಿ ಇಳಿದರೆ ಏರಿಯ ಹೊಟ್ಟೆಯೊಳಗೆ ದಾರಿ ಮಾಡಿಕೊಳ್ಳುತ್ತದೆ.

ಆದ್ದರಿಂದ ಎರೆಯನ್ನು ಒಳಗೆ, ನಡುವಿನ ತಿರುಳಿಗೆ ಬಳಸುತ್ತೇವೆ. ನೀರು ತಡೆಯುವುದರಲ್ಲಿ ಅದಕ್ಕೆ ಸಮನಾದ ಮಣ್ಣಿಲ್ಲ. ಅದರ ಸುತ್ತ ಎರಡೂ ಕಡೆ, ತಲೆಯ ಮೇಲೂ, ಗರಸು (ಸಣ್ಣ ಹರಳುಕಲ್ಲಿನ ಮಣ್ಣು) ಇಲ್ಲವೇ ಗರಸು ಬೆರೆತ ಮಸಾರಿ (ಕೆಂಪು) ಮಣ್ಣಿನ ದಪ್ಪ ಹೊದಿಕೆ. ಹೊದಿಕೆ ಬಿಸಿಲನ್ನು ತಾಳುತ್ತದೆ, ಒಳಗಿನ ಎರೆಯ ಹಸಿ ಆರದಂತೆ ಕಾಯುತ್ತದೆ.

ಬುಡದ ಮಾತು ಇನ್ನೂ ಮುಖ್ಯ. ಹಳ್ಳದ ನೆಲದ ಮೇಲೆಯೇ ಮಣ್ಣು ಸುರಿದು ಏರಿ ಎಬ್ಬಿಸಿದರೆ ನೀರು ಏರಿಯ ಅಡಿಯಲ್ಲಿ ನುಸುಳುತ್ತದೆ. ಏರಿಯ ಉದ್ದಕ್ಕೂ ಬುನಾದಿಯ ಕಂದಕ ತೋಡಿ, ಮೇಲಿನ ಸಡಿಲ ಮಣ್ಣು, ಹಳ್ಳದ ಮರಳು, ಬೇರು ಎಲ್ಲ ತೆಗೆದು, ಗಟ್ಟಿ ನೆಲ ಸಿಕ್ಕುವವರೆಗೆ ಇಳಿದು, ಅಲ್ಲಿಂದ ಎರೆಯನ್ನು ಪದರ ಪದರವಾಗಿ ತುಂಬಿಕೊಂಡು ಬರಬೇಕು. ಕೆಲಸ ಮುಗಿದ ಮೇಲೆ ಈ ಕಂದಕ ಯಾರ ಕಣ್ಣಿಗೂ ಬೀಳುವುದಿಲ್ಲ, ಆದ್ದರಿಂದಲೇ ಅದರಲ್ಲಿ ಮೋಸ ನಡೆಯುತ್ತದೆ. ನಿಮ್ಮ ಊರಿನಲ್ಲಿ ಕೆಲಸ ನಡೆಯುವಾಗ ಕಂದಕ ತೋಡಿದ ದಿನ ಹೋಗಿ ನೋಡಿ. ಫೋಟೋ ತೆಗೆದಿಟ್ಟುಕೊಳ್ಳಿ. ಅದು ನಿಮ್ಮ ಹಕ್ಕು.

ಏರಿಯ ಇಳಿಜಾರು ಕೂಡ ಎರೆಯ ಕಾರಣದಿಂದಲೇ ಮಲಗಿದಂತೆ ಇರುತ್ತದೆ. ನೀರಿನ ಕಡೆ ಒಂದು ಮೀಟರ್ ಎತ್ತರಕ್ಕೆ ಎರಡೂವರೆ, ಮೂರು ಮೀಟರ್ ಅಗಲ. ಹೊರಗಡೆ ಒಂದಕ್ಕೆ ಎರಡು, ಎರಡೂವರೆ. ಆರು ಮೀಟರ್ ಎತ್ತರದ ಏರಿಗೆ ಬುಡದ ಅಗಲ ಸುಮಾರು ನೂರು ಅಡಿಯಾಗುತ್ತದೆ. ಇಷ್ಟೇಕೆ ಹೊಲ ತಿನ್ನುತ್ತೀರಿ, ಕಡಿದಾಗಿ ಎಬ್ಬಿಸಿ ಎನ್ನುವವರಿದ್ದಾರೆ. ನೆರೆಯ ಒಡ್ಡು ಒಂದು ರಾತ್ರಿಯಲ್ಲಿ ತುಂಬಿ ಮರುದಿನ ಬರಿದಾಗುತ್ತದೆ. ನೀರು ಥಟ್ಟನೆ ಇಳಿದಾಗ ಏರಿಯ ಒಳಮೈ ನೆನೆದು ಭಾರವಾಗಿಯೇ ಇರುತ್ತದೆ, ಎದುರಿನಿಂದ ಒತ್ತಿ ಹಿಡಿದಿದ್ದ ನೀರು ಮಾತ್ರ ಹೋಗಿರುತ್ತದೆ. ಕಡಿದಾದ ಇಳಿಜಾರು ಆಗ ಜಾರಿ ಕುಸಿಯುತ್ತದೆ. ಕೆರೆಯ ಏರಿಗಿಂತ ಈ ಒಡ್ಡಿಗೆ ಆ ಅಪಾಯ ಹೆಚ್ಚು.

ಮಣ್ಣು ಸರಿಯಾಗಿ ಗಟ್ಟಿಯಾಗಿದೆಯೋ ಇಲ್ಲವೋ ನಾವು ತಿಳಿಯುವುದು ಹೇಗೆ?

ಮಣ್ಣನ್ನು ಒಂದು ಗೇಣಿಗಿಂತ ದಪ್ಪ ಹರಡಬಾರದು. ಹರಡಿ, ನೀರು ಚಿಮುಕಿಸಿ, ಗೂಟಗಳಿರುವ ರೋಲರ್ ಹಾಯಿಸಿ, ಅದು ಕುಳಿತ ಮೇಲೆಯೇ ಮುಂದಿನ ಪದರ. ಟಿಪ್ಪರ್ ತಂದು ಆಳೆತ್ತರ ಸುರಿದು ಮೇಲೆ ಒಮ್ಮೆ ಜೆಸಿಬಿ ಓಡಿಸಿದರೆ ಅದು ಏರಿಯಲ್ಲ, ಮಣ್ಣಿನ ಗುಡ್ಡೆ. ಮೊದಲ ಮಳೆಗೆ ಅರ್ಧ ಮೊಳ ಕುಸಿಯುತ್ತದೆ, ಕುಸಿದಲ್ಲಿಯೇ ನೀರು ಹಾಯುತ್ತದೆ.

ಪ್ರಯೋಗಾಲಯದ ಪರೀಕ್ಷೆ ಇದ್ದೇ ಇದೆ, ಅದರ ವರದಿ ಕೇಳಿ ಪಡೆಯಬೇಕು. ಅದರ ಜೊತೆಗೆ ಭೋವಿ ಸಮುದಾಯದ ಹಿರಿಯರೊಬ್ಬರು ನನ್ನ ನೌಕರಿಯ ಮೊದಲ ವರ್ಷ ಕಲಿಸಿದ ಪರೀಕ್ಷೆಯೂ ಒಂದಿದೆ. ಹರಡಿದ ಮಣ್ಣನ್ನು ಮುಷ್ಟಿ ತುಂಬ ತೆಗೆದುಕೊಂಡು ಒತ್ತಿ ಉಂಡೆ ಮಾಡಿ. ಉಂಡೆ ನಿಲ್ಲಬೇಕು, ಅಂಗೈಗೆ ಕೆಸರು ಮೆತ್ತಬಾರದು. ಎದೆಯೆತ್ತರದಿಂದ ಬಿಟ್ಟರೆ ಮೂರು ನಾಲ್ಕು ಹೋಳಾಗಬೇಕು. ಪುಡಿಪುಡಿಯಾದರೆ ನೀರು ಸಾಲದು. ಅಪ್ಪಚ್ಚಿಯಾಗಿ ನೆಲಕ್ಕೆ ಅಂಟಿದರೆ ಹೆಚ್ಚಾಗಿದೆ, ಒಂದು ದಿನ ಕಾಯಬೇಕು. ಈ ಉಂಡೆಯನ್ನು ನಾನು ಕೊನೆಯ ದಿನದವರೆಗೂ ಕಟ್ಟುತ್ತಿದ್ದೆ.

ತೂಬಿನ ಕೊಳವೆಯ ಸುತ್ತಲಿನ ಮಣ್ಣಿಗೆ ರೋಲರ್ ತಲುಪುವುದಿಲ್ಲ. ಅಲ್ಲಿ ಕೈಯಿಂದಲೇ ದಿಮ್ಮಿಸಿ ಬಡಿಯಬೇಕು. ಏರಿಗಳು ಸೋರಲು ಶುರುವಾಗುವುದು ಹೆಚ್ಚಾಗಿ ಈ ಕೊಳವೆಯ ಪಕ್ಕದಿಂದಲೇ.

ಕೋಡಿಗೆ ಅಷ್ಟೊಂದು ಅಗಲ ಏಕೆ? ವರ್ಷವೆಲ್ಲ ಖಾಲಿ ಬಿದ್ದಿರುತ್ತದೆ.

ನಿಮ್ಮ ಒಡ್ಡಿನ ಅಳತೆಗೆ ಮೀರಿದ ಮಳೆ ಒಂದಲ್ಲ ಒಂದು ದಿನ ಬಂದೇ ಬರುತ್ತದೆ. 2009ರ ಸೆಪ್ಟೆಂಬರ್ ಕೊನೆ, ಅಕ್ಟೋಬರ್ ಮೊದಲ ವಾರದ ಮಳೆ ನೆನಪಿದೆಯಲ್ಲ? ಅಂಥ ದಿನ ಏರಿಯನ್ನು ಉಳಿಸುವುದು ಕೋಡಿ ಒಂದೇ. ಮಣ್ಣಿನ ಅಣೆಕಟ್ಟುಗಳು ಒಡೆಯಲು ಮುಖ್ಯ ಕಾರಣಗಳು ಎರಡು: ತಲೆಯ ಮೇಲೆ ನೀರು ಹಾಯುವುದು, ಹೊಟ್ಟೆಯೊಳಗೆ ನೀರು ದಾರಿ ಮಾಡಿಕೊಳ್ಳುವುದು. ಮೊದಲನೆಯದಕ್ಕೆ ಮದ್ದು ಕೋಡಿ.

ಕೋಡಿಯಲ್ಲಿ ಗೋವಿನಜೋಳ ಬಿತ್ತಬಹುದೇ ಎಂದು ಕೇಳುತ್ತಾರೆ. ಬೇಡ. ಬೆಳೆದ ದಂಟು ನೀರಿಗೆ ಅಡ್ಡ ನಿಲ್ಲುತ್ತದೆ, ಉತ್ತ ಮಣ್ಣು ಕೊಚ್ಚಿಹೋಗುತ್ತದೆ. ಹುಲ್ಲು ಬೆಳೆಯಲಿ, ದನ ಮೇಯಲಿ. ಕೋಡಿಗೆ ಅಡ್ಡ ಕಲ್ಲು ಪೇರಿಸಿ, ಮರಳಿನ ಚೀಲ ಇಟ್ಟು ಒಂದು ಮೊಳ ಎತ್ತರಿಸುವುದಂತೂ ಊರನ್ನೇ ಪಣಕ್ಕಿಟ್ಟಂತೆ. ಏರಿಯ ತಲೆಗೂ ತುಂಬಿದ ನೀರಿಗೂ ನಡುವೆ ಕನಿಷ್ಠ ಒಂದು ಮೀಟರ್, ಒಂದೂವರೆ ಮೀಟರ್ ಅಂತರವನ್ನು ಬೇಕೆಂದೇ ಬಿಟ್ಟಿರುತ್ತಾರೆ. ನೀವು ಎತ್ತರಿಸಿದ ಮೊಳ ಆ ಅಂತರದಿಂದಲೇ ಕದ್ದದ್ದು.

ಏರಿಯ ಹೊರಬುಡದಲ್ಲಿ ನೀರು ಜಿನುಗುತ್ತಿದೆ. ಹೆದರಬೇಕೇ?

ಮಣ್ಣಿನ ಏರಿ ಅಷ್ಟಿಷ್ಟು ಜಿನುಗುವುದು ಸಹಜ. ಅದಕ್ಕೆಂದೇ ಹೊರಬುಡದಲ್ಲಿ ಕಲ್ಲು, ಜಲ್ಲಿ, ಮರಳಿನ ಪದರ ಹಾಕಿ ತಿಳಿನೀರು ಸುರಕ್ಷಿತವಾಗಿ ಹೊರಬರುವಂತೆ ಮಾಡಿರುತ್ತಾರೆ. ಎಷ್ಟು ನೀರು ಬರುತ್ತಿದೆ ಎನ್ನುವುದಕ್ಕಿಂತ ಎಂಥ ನೀರು ಬರುತ್ತಿದೆ ಎನ್ನುವುದನ್ನು ನೋಡಿ.

ಮನೆಯಿಂದ ಒಂದು ಗಾಜಿನ ಲೋಟ ಒಯ್ಯಿರಿ. ಜಿನುಗುವ ನೀರನ್ನು ಹಿಡಿದು ಬೆಳಕಿಗೆ ಎತ್ತಿ ನೋಡಿ. ತಿಳಿಯಾಗಿದ್ದರೆ ದಿನಾಂಕ ಬರೆದಿಟ್ಟುಕೊಳ್ಳಿ, ನಾಳೆ ಮತ್ತೆ ಬನ್ನಿ. ಕಾಲು ತಾಸು ಬಿಟ್ಟು ನೋಡಿದಾಗ ಲೋಟದ ತಳದಲ್ಲಿ ಮಣ್ಣು ಕೂತಿದ್ದರೆ, ಆ ಮಣ್ಣು ಏರಿಯ ಹೊಟ್ಟೆಯಿಂದ ಬಂದದ್ದು. ಒಳಗೆ ಬಿಲ ಬೆಳೆಯುತ್ತಿದೆ. ಆಗ ನಾಳೆ ಎನ್ನಬಾರದು. ಮೊದಲು ಕೆಳಗಿನ ಮನೆಗಳವರನ್ನು ಎಬ್ಬಿಸಿ ಎತ್ತರದ ಜಾಗಕ್ಕೆ ಕಳುಹಿಸಿ, ಆಮೇಲೆ ಅಧಿಕಾರಿಗಳಿಗೆ ಫೋನ್ ಮಾಡಿ.

ಹೊರಗಡೆ ಬುಗ್ಗೆಯಂತೆ ನೀರು ಚಿಮ್ಮುವ ಕಡೆ ಎರೆಮಣ್ಣು ಮೆತ್ತಿ ಮುಚ್ಚಲು ಎಲ್ಲರೂ ಓಡುತ್ತಾರೆ. ಅದು ತಪ್ಪು. ಅಲ್ಲಿ ಮುಚ್ಚಿದರೆ ನೀರು ಒಳಗೆ ಒತ್ತಡ ಹೆಚ್ಚಿಸಿಕೊಂಡು ಇನ್ನೊಂದು ಕಡೆ ಸಿಡಿಯುತ್ತದೆ. ಬುಗ್ಗೆಯ ಮೇಲೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹಾಕಬೇಕು. ನೀರು ಬರಲಿ, ಮಣ್ಣು ಬರದಿರಲಿ. ಏರಿ ಆಗಲೇ ಕುಸಿಯುತ್ತಿದ್ದರೆ ಇದನ್ನೂ ಮಾಡಲು ಹೋಗಬೇಡಿ, ಪ್ರಾಣ ದೊಡ್ಡದು.

ಮಹಾರಾಷ್ಟ್ರದ ರತ್ನಾಗಿರಿ ಜಿಲ್ಲೆಯ ತಿವರೆ ಎಂಬಲ್ಲಿ 2019ರ ಜುಲೈ 2ರ ರಾತ್ರಿ ಸಣ್ಣ ನೀರಾವರಿ ಯೋಜನೆಯ ಒಂದು ಮಣ್ಣಿನ ಅಣೆಕಟ್ಟು ಒಡೆದು, ಕೆಳಗಿನ ಮನೆಗಳು ಕೊಚ್ಚಿಹೋಗಿ ಹಲವರು ಜೀವ ಕಳೆದುಕೊಂಡರು. ಅದು ಸೋರುತ್ತಿದೆ ಎಂದು ಊರಿನವರು ಮೊದಲೇ ಹೇಳಿದ್ದರು. ಸಣ್ಣದು ತಾನೇ ಎಂದು ಯಾರಾದರೂ ನಿಮಗೆ ಹೇಳಿದರೆ ತಿವರೆಯ ಹೆಸರು ಹೇಳಿ.

ಏರಿಯ ಮೇಲೆ ಗಿಡ ನೆಟ್ಟರೆ ಮಣ್ಣು ಹಿಡಿಯುವುದಿಲ್ಲವೇ?

ಹುಲ್ಲು ಹಿಡಿಯುತ್ತದೆ, ಗಿಡ ಹಿಡಿಯುವುದಿಲ್ಲ. ಕರಿಕೆ ಹುಲ್ಲಿನ ಹೊದಿಕೆಗಿಂತ ಒಳ್ಳೆಯದು ಇನ್ನೊಂದಿಲ್ಲ. ಬಳ್ಳಾರಿ ಜಾಲಿ ಮಾತ್ರ ಒಂದೂ ಇರಕೂಡದು. ಅದರ ಬೇರು ಏರಿಯ ಆಳಕ್ಕೆ ಇಳಿಯುತ್ತದೆ, ಗಿಡ ಸತ್ತು ಬೇರು ಕೊಳೆತರೆ ಆ ಜಾಗ ನೀರಿಗೆ ಸಿದ್ಧವಾದ ಕೊಳವೆ. ಸಣ್ಣದಿರುವಾಗಲೇ ಬೇರುಸಹಿತ ಕೀಳಬೇಕು. ದೊಡ್ಡ ಮರವಾಗಿಬಿಟ್ಟಿದ್ದರೆ ನೀವೇ ಬುಡ ಅಗೆಯಬೇಡಿ, ಎಂಜಿನಿಯರ್ ಬಂದು ನೋಡಲಿ. ಹೆಗ್ಗಣ, ಏಡಿಗಳ ಬಿಲಕ್ಕೂ ಇದೇ ಎಚ್ಚರ.

ಹುತ್ತದ ವಿಷಯ ನಾಜೂಕು. ಏರಿಯ ಮೇಲೆ ಹುತ್ತ ಎದ್ದರೆ ಒಳಗೆ ಗೆದ್ದಲಿನ ಸುರಂಗಗಳು ಇವೆ ಎಂದರ್ಥ. ಆದರೆ ಪಂಚಮಿಗೆ ಹಾಲೆರೆಯುವ ಹುತ್ತಕ್ಕೆ ಗುದ್ದಲಿ ಹಾಕಿ ಎಂದು ಯಾವ ಬಾಯಿಂದ ಹೇಳುವುದು? ಒಂದು ಊರಿನಲ್ಲಿ ಹಿರಿಯರೇ ದಾರಿ ತೋರಿಸಿದರು. ಪೂಜೆ ಮಾಡಿ, ಹುತ್ತದ ಒಂದು ಹಿಡಿ ಮಣ್ಣನ್ನು ಏರಿಯ ಆಚೆಯ ಬನ್ನಿಗಿಡದ ಬುಡಕ್ಕೆ ಒಯ್ದು ಅಲ್ಲಿ ಕಲ್ಲು ಸ್ಥಾಪಿಸಿದರು. ನಂತರ ಏರಿಯ ಹುತ್ತವನ್ನು ಅಗೆದು, ಸುರಂಗ ಮುಗಿಯುವವರೆಗೆ ಹೋಗಿ, ಹೊಸ ಮಣ್ಣು ತುಂಬಿ ಬಡಿದೆವು. ಈಗಲೂ ಪಂಚಮಿಯ ಹಾಲು ಬನ್ನಿಗಿಡದ ಬುಡಕ್ಕೇ. ನಂಬಿಕೆಯನ್ನು ಬಿಡಿಸದೆ ಜಾಗವನ್ನು ಬದಲಿಸಿದರು, ನನಗೆ ಅದು ದೊಡ್ಡ ಪಾಠ.

ಏರಿಯ ಮೇಲೆ ಚಕ್ಕಡಿ, ಟ್ರ್ಯಾಕ್ಟರ್ ಓಡಿಸಬಹುದೇ?

ಗರಸು ಹಾಕಿದ ತಲೆಯ ಮೇಲೆ ಒಣ ದಿನಗಳಲ್ಲಿ ಚಕ್ಕಡಿ ಹೋಗಲಿ. ಮಳೆಗಾಲದಲ್ಲಿ ಟ್ರ್ಯಾಕ್ಟರ್ ಬೇಡ. ಗಾಲಿಯ ಜಾಡಿನಲ್ಲಿ ನೀರು ನಿಂತು ಅಲ್ಲಿಂದಲೇ ಕೊರೆಯಲು ಶುರುಮಾಡುತ್ತದೆ.

ಇಂಥ ಒಡ್ಡುಗಳನ್ನು ಸಾಲಾಗಿ ಕಟ್ಟಿದರೆ ಬೆಣ್ಣೆಹಳ್ಳದ ಮಹಾಪೂರ ನಿಲ್ಲುತ್ತದೆಯೇ?

ಪೂರ್ತಿ ನಿಲ್ಲುವುದಿಲ್ಲ. ಹಾಗೆಂದು ಮಾತು ಕೊಡುವವರನ್ನು ನಂಬಬೇಡಿ. ಬೆಣ್ಣೆಹಳ್ಳ ಶಿಗ್ಗಾವಿ ತಾಲೂಕಿನ ದುಂಡಶಿಯ ಕಡೆ ಹುಟ್ಟಿ ಕುಂದಗೋಳ, ಹುಬ್ಬಳ್ಳಿ, ನವಲಗುಂದದ ಎರೆನಾಡನ್ನು ಹಾಯ್ದು ರೋಣ ತಾಲೂಕಿನಲ್ಲಿ ಮಲಪ್ರಭೆಯನ್ನು ಸೇರುತ್ತದೆ. ಧಾರವಾಡದ ಕಡೆಯ ತುಪ್ಪರಿಹಳ್ಳ ದಾರಿಯಲ್ಲಿ ಬಂದು ಕೂಡುತ್ತದೆ. ಹೆಸರಿಗೆ ಹಳ್ಳ, ಮಳೆಗಾಲದಲ್ಲಿ ನದಿಯೇ. ಕೆಳಪಾತ್ರದಲ್ಲಿ ನೆಲ ಚಪ್ಪಟೆ, ನೀರಿಗೆ ಓಟವಿಲ್ಲ. ಹೂಳು, ಜಾಲಿಕಂಟಿ ತುಂಬಿ ಪಾತ್ರ ಕಿರಿದಾಗಿದೆ. ಯಮನೂರಿನ ಜಾತ್ರೆಗೆ ಹೋಗಿ ಬೇಸಿಗೆಯ ಬೆಣ್ಣೆಹಳ್ಳ ಕಂಡವರು ಅದೇ ಹಳ್ಳ ಮಳೆಗಾಲದಲ್ಲಿ ಹೊಲಗಳ ಮೇಲೆ ಹರವಿಕೊಳ್ಳುವುದನ್ನು ನೋಡಿದರೆ ನಂಬಲಾರರು. ಮಲಪ್ರಭೆಯೇ ತುಂಬಿ ಹರಿಯುವಾಗಲಂತೂ ಹಳ್ಳದ ನೀರಿಗೆ ಮುಂದೆ ದಾರಿಯಿರುವುದಿಲ್ಲ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ನೀರು ಬಿಟ್ಟಾಗ ಕೊಣ್ಣೂರು, ಹೊಳೆಆಲೂರಿನ ಕಡೆ ಆದ ಪಾಡು ಎಲ್ಲರಿಗೂ ಗೊತ್ತು. ಅದು ಸಣ್ಣ ಒಡ್ಡುಗಳ ಕೈಗೆ ಮೀರಿದ ನೀರು.

ಸಣ್ಣ ಒಡ್ಡು ಕಾಯುವುದು ತನ್ನ ಕೆಳಗಿನ ಒಂದೆರಡು ಊರನ್ನು, ಒಂದು ಸೇತುವೆಯನ್ನು, ಒಂದು ಶಾಲೆಯನ್ನು. ಉಪಹಳ್ಳಗಳ ಮೇಲೆ ಯೋಚಿಸಿ ಕಟ್ಟಿದ ಹತ್ತು ಒಡ್ಡುಗಳು ಮಧ್ಯಮ ಮಳೆಯ ದಿನ ಬೆಣ್ಣೆಹಳ್ಳದ ಹೊರೆಯನ್ನೂ ಇಳಿಸುತ್ತವೆ. ಯೋಚಿಸಿ ಎಂದೆ, ಏಕೆಂದರೆ ಬೇಕಾಬಿಟ್ಟಿ ಕಟ್ಟಿದರೆ ಬೇರೆ ಬೇರೆ ಉಪಹಳ್ಳಗಳ ತಡವಾದ ನೀರು ಒಂದೇ ಹೊತ್ತಿಗೆ ಬಂದು ಕೂಡಿ ಕೆಳಗಿನವರಿಗೆ ಕೇಡಾಗಲೂ ಬಹುದು.

ಒಡ್ಡಿನ ಹಿಂದೆ ನಮ್ಮ ಹೊಲವಿದೆ. ಊರು ಉಳಿಯಲು ನಾವು ಮುಳುಗಬೇಕೇ?

ಈ ಪ್ರಶ್ನೆಗೆ ನಾನು ಯಾವತ್ತೂ ತಲೆ ಎತ್ತಿ ಉತ್ತರ ಕೊಟ್ಟಿಲ್ಲ. ಕೆಳಗಿನ ನೂರು ಮನೆಗಳಿಗಾಗಿ ಮೇಲಿನ ನಾಲ್ಕೈದು ಕುಟುಂಬಗಳ ಹೊಲದಲ್ಲಿ ನೀರು ನಿಲ್ಲಿಸುತ್ತೇವೆ. ಅದಕ್ಕೆ ಬೆಲೆ ಕೊಡಲೇಬೇಕು. ಕಟ್ಟುವ ಮೊದಲೇ ನೀರು ಎಲ್ಲಿಯವರೆಗೆ ನಿಲ್ಲುತ್ತದೆಂದು ಸರ್ವೆ ನಂಬರ್ ಸಹಿತ ಗೂಟ ಹೊಡೆದು ತೋರಿಸಬೇಕು. ಭೂಮಿಯನ್ನು ಕಾನೂನಿನ ಪ್ರಕಾರ ಪರಿಹಾರ ಕೊಟ್ಟೇ ಪಡೆಯಬೇಕು. ಬಾಯಿಮಾತಿಗೆ ಒಪ್ಪಿಕೊಂಡವರು ಮೊದಲ ನೆರೆಯಲ್ಲಿಯೇ ಗುದ್ದಲಿ ಹಿಡಿದು ಏರಿ ಕಡಿಯಲು ಬರುತ್ತಾರೆ, ಅವರನ್ನು ದೂರಿ ಫಲವಿಲ್ಲ. ತುಂಬಿದ ಏರಿಯನ್ನು ಒಂದು ಮೊಳ ಕಡಿದರೆ ಆ ಕಾಲುವೆ ಗಳಿಗೆಯಲ್ಲಿ ಬಂಡಿಯಗಲವಾಗಿ ಕಡಿದವನನ್ನೂ ಒಯ್ಯುತ್ತದೆ.

ಒಡ್ಡಿನ ಅಂಗಳದಲ್ಲಿ ಮುಂಗಾರಿಗೆ ಹೆಸರು, ಉಳ್ಳಾಗಡ್ಡಿ, ಮೆಣಸಿನಗಿಡ ಹಾಕಬೇಡಿ, ಒಂದು ದಿನ ನೀರು ನಿಂತರೂ ಅವು ತಾಳುವುದಿಲ್ಲ. ಮುಂಗಾರಿನಲ್ಲಿ ಮೇವಿಗೆ ಬಿಟ್ಟು ಹಿಂಗಾರಿಗೆ ಕಡಲೆ, ಬಿಳಿಜೋಳ ಬಿತ್ತಿದವರು ಒಳ್ಳೆಯ ಫಸಲು ತೆಗೆದದ್ದನ್ನು ನೋಡಿದ್ದೇನೆ. ನೆರೆ ಹೊತ್ತು ತಂದ ಮೆಕ್ಕಲು, ಆರದ ಹಸಿ, ಎರಡೂ ಆ ಬೆಳೆಗಳಿಗೆ ಸಿಗುತ್ತವೆ. ಬೆಳೆವಿಮೆ ಕಟ್ಟಿದ ಬೆಳೆ ನೀರು ನಿಂತು ಹಾಳಾದರೆ 72 ಗಂಟೆಯೊಳಗೆ ದೂರು ದಾಖಲಾಗಬೇಕು ಎಂಬುದನ್ನು ಮರೆಯಬೇಡಿ.

ಹೂಳು ಎತ್ತುವುದು ಯಾವಾಗ, ಹೇಗೆ?

ಏಪ್ರಿಲ್, ಮೇ ತಿಂಗಳಲ್ಲಿ. ಎತ್ತಿದ ಹೂಳು ಮಸಾರಿ ಹೊಲಗಳಿಗೆ ಹೇಳಿಮಾಡಿಸಿದ ಗೊಬ್ಬರ. ಆದರೆ ಏರಿಯ ಒಳಬುಡದ ಪಕ್ಕದಲ್ಲಿ ಅಗೆಯಲು ಬಿಡಬೇಡಿ, ಅಲ್ಲಿ ಕುಳಿತ ಮಣ್ಣು ಏರಿಗೆ ಒತ್ತಾಸೆ. ಕನಿಷ್ಠ ಏರಿಯ ಎತ್ತರದ ಐದಾರು ಪಟ್ಟು ದೂರ ಬಿಟ್ಟು ತೆಗೆಯಿರಿ. ಇಟ್ಟಿಗೆ ಭಟ್ಟಿಗೆ ಮಣ್ಣು ಒಯ್ಯುವವರು ಲಾರಿಗೆ ಹತ್ತಿರವೆಂದು ಏರಿಯ ಬುಡಕ್ಕೇ ಕೈ ಹಾಕುತ್ತಾರೆ. ಇದನ್ನು ತಡೆಯಬೇಕಾದವರು ನೀವೇ.

ನೋಡಿಕೊಳ್ಳುವ ಜವಾಬ್ದಾರಿ ಯಾರದು?

40 ಹೆಕ್ಟೇರಿಗಿಂತ ಕಡಿಮೆ ಅಚ್ಚುಕಟ್ಟಿನ (ನೀರುಣ್ಣುವ ಜಮೀನಿನ) ಕೆರೆಗಳು ಜಿಲ್ಲಾ ಪಂಚಾಯಿತಿಯ ಕಡೆ, 40ರಿಂದ 2,000 ಹೆಕ್ಟೇರ್‌ವರೆಗಿನವು ಸಣ್ಣ ನೀರಾವರಿ ಇಲಾಖೆಯ ಕಡೆ. ಅಚ್ಚುಕಟ್ಟೇ ಇಲ್ಲದ ನೆರೆಯ ಒಡ್ಡು ಈ ಎರಡರ ನಡುವೆ ಅನಾಥವಾಗುವುದುಂಟು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರಿಗಿಂತ ಎತ್ತರದವನ್ನೂ, ಕೆಲವು ಷರತ್ತುಗಳಿಗೆ ಒಳಪಟ್ಟು 10ರಿಂದ 15 ಮೀಟರಿನವನ್ನೂ ನೋಡುತ್ತದೆ. ನಿಮ್ಮ ಆರು ಮೀಟರಿನ ಒಡ್ಡಿಗೆ ಆ ಕಾಯ್ದೆಯ ತಪಾಸಣೆ ಬರುವುದಿಲ್ಲ. ಆದ್ದರಿಂದ ಕಟ್ಟುವ ದಿನವೇ ಅದನ್ನು ಯಾರ ಪಟ್ಟಿಗೆ ಸೇರಿಸಲಾಗಿದೆ ಎಂದು ಬರವಣಿಗೆಯಲ್ಲಿ ಪಡೆಯಿರಿ. ಗ್ರಾಮಸಭೆಯ ನಡಾವಳಿಯಲ್ಲಿ ಬರೆಸಿ.

ಮಳೆ ಜೋರಾದ ರಾತ್ರಿ ನಾವು ಮಾಡಬೇಕಾದದ್ದೇನು?

ಇಬ್ಬರು ಒಟ್ಟಿಗೆ, ಬ್ಯಾಟರಿ ಹಿಡಿದು, ಸುರಕ್ಷಿತ ದಿನ್ನೆಯ ಮೇಲಿಂದ ನೀರಿನ ಮಟ್ಟ ನೋಡಿ. ಒಬ್ಬರೇ ಹೋಗಬೇಡಿ. ತೂಬಿನ ಬಾಯಿಗೆ ಕಸ ಸಿಕ್ಕಿದೆಯೆಂದು ತುಂಬಿದ ನೀರಿಗೆ ಇಳಿಯಲೇಬೇಡಿ, ಅಲ್ಲಿನ ಸೆಳೆತ ಈಜು ಬಲ್ಲವರನ್ನೂ ಬಿಡುವುದಿಲ್ಲ. ಕೋಡಿ ಹರಿಯತೊಡಗಿದರೆ ಕೆಳ ಓಣಿಯವರಿಗೆ ಗುಡಿಯ, ಮಸೀದಿಯ ಮೈಕಿನಲ್ಲಿ ಹೇಳಿಸಿ. ಜಿಲ್ಲಾ ವಿಪತ್ತು ನಿಯಂತ್ರಣ ಕೊಠಡಿಯ ಸಂಖ್ಯೆ 1077, ತುರ್ತು ಸಹಾಯಕ್ಕೆ 112.

ಮಣ್ಣಿನ ಒಡ್ಡು ಎಷ್ಟು ವರ್ಷ ಬಾಳುತ್ತದೆ?

ಹಾವೇರಿ ಜಿಲ್ಲೆಯ ಮಾಸೂರಿನ ಬಳಿ, ಕುಮುದ್ವತಿಗೆ ಅಡ್ಡವಾಗಿ ವಿಜಯನಗರದ ಕಾಲದಲ್ಲಿ ಎಬ್ಬಿಸಿದ ಮದಗದ ಕೆರೆಯ ಏರಿಯನ್ನು ಒಮ್ಮೆ ಹೋಗಿ ನೋಡಿ. ಬುಡದಲ್ಲಿ ನಿಂತು ತಲೆಯೆತ್ತಿದರೆ ಅದು ಮನುಷ್ಯರು ಹೊತ್ತು ಹಾಕಿದ ಮಣ್ಣು ಎಂದು ಮನಸ್ಸು ಒಪ್ಪುವುದಿಲ್ಲ. ಹತ್ತೇ ವರ್ಷಕ್ಕೆ ಹೋದ ಒಡ್ಡುಗಳನ್ನೂ ನಾನು ನೋಡಿದ್ದೇನೆ. ವಯಸ್ಸು ಮಣ್ಣಿನದಲ್ಲ, ಆರೈಕೆಯದು.

ಮಳೆಗಾಲಕ್ಕೆ ಮುಂಚೆ ನಮಗೆ ಒಂದೇ ದಿನ ಸಿಗುತ್ತದೆ. ಏನು ನೋಡಬೇಕು?

ರೋಹಿಣಿ ಮಳೆಗೆ ಮುಂಚೆ, ಬೆಳಗಿನ ಹೊತ್ತು ಹೋಗಿ. ಏರಿಯ ತಲೆಯ ಮೇಲೆ ಈ ತುದಿಯಿಂದ ಆ ತುದಿಗೆ ನಡೆಯಿರಿ, ತಗ್ಗಾದ ಜಾಗ ಕಂಡರೆ ಸುಣ್ಣದ ಗುರುತು ಹಾಕಿ. ಬಿರುಕಿಗೆ ಕಡ್ಡಿ ಇಳಿಸಿ ಆಳ ನೋಡಿ. ಬಿರುಕು ಏರಿಯ ಉದ್ದಕ್ಕಿದ್ದರೆ ಇಳಿಜಾರು ಜಾರಲು ಹೊರಟಿರಬಹುದು. ಅಡ್ಡಲಾಗಿದ್ದರೆ ಅದರಲ್ಲಿಯೇ ನೀರು ಹಾಯಬಹುದು. ಎರಡನ್ನೂ ಮೇಲಿನ ಬಾಯಿಯನ್ನಷ್ಟೇ ಮುಚ್ಚಿ ಬಿಡದೆ, ಅಗೆದು ಹೊಸ ಮಣ್ಣು ಬಡಿಯಬೇಕು. ಕೋಡಿಯಲ್ಲಿ ಕಲ್ಲು, ಕಂಟಿ, ಬೇಲಿ ಇದ್ದರೆ ತೆಗೆಸಿ. ಕೊನೆಗೆ ತೂಬಿನ ಹತ್ತಿರ ಇಳಿಯಿರಿ. ಜಾಲರಿಗೆ ಸಿಕ್ಕ ಹತ್ತಿಕಟ್ಟಿಗೆ, ರವದಿ, ಪ್ಲಾಸ್ಟಿಕ್ ಚೀಲ ಎಲ್ಲವನ್ನೂ ಕೈಯಿಂದ ಬಿಡಿಸಿ ದೂರ ಎಸೆಯಿರಿ. ಆಮೇಲೆ ಒಬ್ಬರು ಆ ತುದಿಗೆ ಹೋಗಿ ಕನ್ನಡಿಯಿಂದ ಬಿಸಿಲನ್ನು ಕೊಳವೆಯೊಳಗೆ ಹಾಯಿಸಲಿ, ನೀವು ಈ ಬಾಯಿಯಿಂದ ಬಗ್ಗಿ ನೋಡಿ. ಆ ಬೆಳಕು ದುಂಡಗೆ, ಪೂರ್ತಿಯಾಗಿ ಕಾಣಬೇಕು. ಅರ್ಧ ಕಂಡರೆ ಅಂದೇ ಆಳು ಕರೆದು ಹೂಳು ತೆಗೆಸಿ.